ಎರಡು ಬಟನ್, ಎರಡೂ ‘ಹೌದು’

ಓಡುತ್ತಿದ್ದೆ!

ಫೈರ್ ಎಕ್ಸಿಟ್ ಮೆಟ್ಟಿಲು. ಹಿಂದೆ ಗೂಳಿ.

ಗೂಳಿ ಎಂದರೆ ನಾಲ್ಕು ಕಾಲಿನದಲ್ಲ. ಎರಡು ಕಾಲಿನದು, ಸೆಕ್ಯುರಿಟಿ ಯೂನಿಫಾರ್ಮ್ ತೊಟ್ಟದ್ದು. ಅವನ ಕುತ್ತಿಗೆ ನನ್ನ ಸೊಂಟದಷ್ಟು ದಪ್ಪ. ನನ್ನ ಸೊಂಟ ಎಷ್ಟಿದೆ ಎಂದು ನಿಮಗೆ ಕಾಣಿಸುತ್ತಲೇ ಇದೆ... ಲೆಕ್ಕ ಹಾಕಿಕೊಳ್ಳಿ!

“ಸರ್, ನಿಂತ್ಕೊಳ್ಳಿ!”

ನಿಲ್ಲಲಿಲ್ಲ.

“ಸರ್, ಬಿದ್ದೋಗ್ತೀರ!”

ಅದು ಬೆದರಿಕೆಯೋ ಕಾಳಜಿಯೋ ತಿಳಿಯಲಿಲ್ಲ. ಬಲ ಮೊಣಕಾಲು ‘ಕಟಕ್’ ಎಂದಿತು. ಎಡ ಮೊಣಕಾಲು ಅದಕ್ಕೆ ಉತ್ತರ ಕೊಟ್ಟಿತು.

ನನ್ನ ಕೈಯಲ್ಲಿ ಆಯುಧವಿತ್ತು. ಕೆಂಪು ಮಾರ್ಕರ್. ಅದರ ಮುಚ್ಚಳ ಎಲ್ಲೋ ಬಿದ್ದು ಹೋಗಿ ಅಂಗಿಯ ಎದೆಯ ಮೇಲೆ ಉದ್ದಕ್ಕೆ ಕೆಂಪು ಬಳಿದಿತ್ತು. ದೂರದಿಂದ ನೋಡಿದರೆ ಗುಂಡೇಟು. ಹತ್ತಿರದಿಂದ ನೋಡಿದರೆ... ಹೆಂಡತಿಯಿಂದ ಬೈಗುಳ.

ನೀವು ಕೇಳಿದಿರಿ, ಅದಕ್ಕೆ ಹೇಳುತ್ತಿದ್ದೇನೆ. ಮಧ್ಯದಲ್ಲಿ ನಗಬೇಡಿ.

ಈ ಧಂದೆಯಲ್ಲಿ ನನ್ನನ್ನು ಎಲ್ಲರೂ ‘ಕತ್ತರಿ’ ಎನ್ನುತ್ತಾರೆ. ಆಗ ನಾನು ಬಾಡಿಗೆ ಇಂಟರ್‌ವ್ಯೂಕಾರ. ಕಂಪನಿಗಳು ನನ್ನನ್ನು ದಿನದ ಲೆಕ್ಕದಲ್ಲಿ ಕರೆಸುತ್ತವೆ. ಹದಿನೈದು ವರ್ಷ, ಇಪ್ಪತ್ತು ವರ್ಷ ಕೋಡ್ ಬರೆದು ಪಳಗಿದ ಡೆಸ್ಕ್‌ಟಾಪ್ ಡೆವಲಪರ್‌ಗಳನ್ನು ನನ್ನ ಮುಂದೆ ಕೂರಿಸುತ್ತವೆ. ನಾನು ಅವರನ್ನು ಅಳೆಯುತ್ತೇನೆ. ಆಮೇಲೆ ಕತ್ತರಿಸುತ್ತೇನೆ.

ಡೆಸ್ಕ್‌ಟಾಪ್ ಎಂದರೆ ಮೊಬೈಲ್ ಅಲ್ಲ, ಬ್ರೌಸರ್ ಅಲ್ಲ. ನೆಟ್ ಇರಲಿ ಬಿಡಲಿ, ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲೇ ಬೇರು ಬಿಟ್ಟು ದುಡಿಯುವ ಪ್ರೋಗ್ರಾಮ್. ಅದನ್ನು ಬರೆಯುವವರಿಗೆಲ್ಲ ಈಗ ನಲವತ್ತು ದಾಟಿದೆ. ನಲವತ್ತು ದಾಟಿದ ಡೆವಲಪರ್ ಎಂದರೆ ಈ ಧಂದೆಯಲ್ಲಿ ಹಳೆಯ ಕುರ್ಚಿ. ಮುರಿದಿರುವುದಿಲ್ಲ. ಆಫೀಸಿನ ಹೊಸ ಬಣ್ಣಕ್ಕೆ ಹೊಂದುವುದಿಲ್ಲ, ಅಷ್ಟೇ!

ನಾನು ಯಾರನ್ನೂ ಪಾಸ್ ಮಾಡುತ್ತಿರಲಿಲ್ಲ. ಅದೇ ನನ್ನ ಬ್ರಾಂಡ್. ಕೊನೆಯಲ್ಲಿ ಮಾರ್ಕರ್ ಮುಚ್ಚಳ ‘ಟಪ್’ ಎಂದು ಹಾಕಿ, ತಣ್ಣಗೆ ಒಂದೇ ಮಾತು ಹೇಳುತ್ತಿದ್ದೆ: “ತಿಳಿಸ್ತೀವಿ.”

ಆಹಾ, ಏನು ಸ್ಟೈಲು! ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ.

ಆ ದಿನ ಬೆಳಿಗ್ಗೆ ಹೊರಡುವಾಗಲೂ ಹೆಂಡತಿ ಕೇಳಿದಳು. ಅವಳು ಶಾಲೆಯ ಟೀಚರ್.

“ರೀ, ಇವತ್ತಾದ್ರೂ ಒಬ್ಬರನ್ನ ಪಾಸ್ ಮಾಡಿ. ನಾಲ್ಕು ಮಾರ್ಕ್ಸ್ ಜಾಸ್ತಿ ಕೊಟ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?”

“ಸ್ಟ್ಯಾಂಡರ್ಡ್ಸ್ ಅಂತ ಒಂದಿರುತ್ತೆ ಕಣೇ.”

“ಹೌದೌದು. ಪ್ರೆಷರ್ ಕುಕ್ಕರ್ ಮುಚ್ಚಳ ಹಾಕೋಕೆ ಬರಲ್ಲ, ಸ್ಟ್ಯಾಂಡರ್ಡ್ಸು!”

ಬಾಗಿಲನ್ನು ಜೋರಾಗಿ ಹಾಕಿ ಹೊರಟೆ. ಛತ್ರಿ ಮರೆತು ವಾಪಸ್ ಬಂದೆ. ಮತ್ತೆ ಹೊರಟೆ.

ಆ ಕಂಪನಿಯಲ್ಲಿ ಎರಡು ತಿಂಗಳಿಂದ ಇಂಟರ್‌ವ್ಯೂ ಮಾಡುತ್ತಿದ್ದೆ. ಔಷಧಿ ಅಂಗಡಿಗಳ ಕೌಂಟರ್‌ಗೆ ಪ್ರೋಗ್ರಾಮ್ ಮಾಡುವ ಕಂಪನಿ. ಹುದ್ದೆ ಒಂದೇ: ಡೆಸ್ಕ್‌ಟಾಪ್ ಟೀಮಿನ ಲೀಡ್. ಡೈರೆಕ್ಟರ್ ಎಲ್ಲರನ್ನೂ ‘ಬ್ರದರ್’ ಎನ್ನುತ್ತಿದ್ದ. ಗಂಡಸರನ್ನು, ಹೆಂಗಸರನ್ನು, ಒಮ್ಮೆ ಲಿಫ್ಟನ್ನು ಕೂಡ. ಹಾಗಾಗಿ ಅವನಿಗೆ ಆ ಹೆಸರೇ ಅಂಟಿತ್ತು.

ರಿಸೆಪ್ಷನ್‌ನಲ್ಲಿ ಫೋನ್ ಒಪ್ಪಿಸಿದೆ. ಇಂಟರ್‌ವ್ಯೂ ಮುಗಿಯುವವರೆಗೆ ಯಾರ ಬಳಿಯೂ ಫೋನ್ ಇರಕೂಡದು. ಉತ್ತರ ಕದಿಯುತ್ತಾರೆ ನೋಡಿ! ಈ ನಿಯಮ ಮಾಡಿಸಿದ ಬುದ್ಧಿವಂತ ಯಾರು ಅಂತೀರಿ?

ನಾನೇ.

ಮೂರನೇ ಮಹಡಿ. ಗಾಜಿನ ಕೋಣೆ. ಮೇಜಿನ ಮೇಲೆ ಕಂಪನಿಯ ಲ್ಯಾಪ್‌ಟಾಪ್, ಒಂದು ಬಾರ್‌ಕೋಡ್ ಸ್ಕ್ಯಾನರ್, ಕಾಫಿ, ಬಿಸ್ಕತ್ತು.

ಆಕೆ ಒಳಗೆ ಬಂದರು. ಐವತ್ತರ ಆಸುಪಾಸು. ಕಿವಿಯ ಬಳಿ ನರೆ. ಹೊಳೆಯುವ ಕಪ್ಪು ಶೂ. ನಡಿಗೆಯಲ್ಲಿ ಸಣ್ಣ ಕುಂಟು.

“ಕಾಲಿಗೇನಾಯ್ತು ಮೇಡಂ?”

“ಏನಿಲ್ಲ. ಶೂ ಮಗಳದ್ದು. ಒಂದು ಸೈಜ್ ಚಿಕ್ಕದು.”

“ಮಗಳಿಗೆ ಬೇಡ್ವಾ?”

“ಅವಳಿಗೂ ಇವತ್ತೇ ಇಂಟರ್‌ವ್ಯೂ. ಆನ್‌ಲೈನು. ಕಾಲು ಕಾಣಿಸಲ್ಲ.” ಕೂತರು. “ಮನೇಲಿ ಇಬ್ಬರೂ ಕೆಲಸ ಇಲ್ದೆ ಕೂತಿದ್ದೀವಿ. ಒಬ್ಬರಿಗಾದ್ರೂ ಈ ತಿಂಗಳು ಆಗ್ಲೇಬೇಕು. ಅವಳಿಗೇ ಆಗ್ಲಿ ಅಂತ ನಾನು, ಅಮ್ಮಂಗೇ ಆಗ್ಲಿ ಅಂತ ಅವಳು.”

ನನ್ನ ಮುಖ ಕಲ್ಲು. ಹತ್ತಾರು ವರ್ಷದ ಸಾಧನೆ.

“ಪ್ರೋಗ್ರಾಮ್ ಫ್ರೀಜ್ ಆಗಿದೆ,” ಎಂದೆ. ಇದು ನನ್ನ ಖ್ಯಾತ ಮೊದಲ ಪ್ರಶ್ನೆ. “ಯೂಸರ್ ಬಾಯಿಗೆ ಬಂದಂಗೆ ಬೈತಾ ಇದ್ದಾನೆ. ಮೊದಲು ಏನ್ ಮಾಡ್ತೀರಿ?”

ಹೊಸಬರು ‘ರೀಸ್ಟಾರ್ಟ್’ ಎನ್ನುತ್ತಾರೆ. ಜಾಣರು ಅರ್ಧ ಗಂಟೆ ಉಪನ್ಯಾಸ ಕೊಡುತ್ತಾರೆ.

ಆಕೆ ಬಿಸ್ಕತ್ತು ಎರಡು ತುಂಡು ಮಾಡಿದರು. “ಬೈದು ಮುಗಿಸೋವರೆಗೂ ಕೇಳಿಸ್ಕೊತೀನಿ.”

“ಯಾಕೆ?”

“ಬೈಗುಳದ ಮಧ್ಯದಲ್ಲೇ ಸುಳಿವು ಇರುತ್ತೆ. ‘ಹಾಳಾದ್ದು, ಪ್ರಿಂಟ್ ಒತ್ತಿದ ಮೇಲೆ ಸತ್ತೋಯ್ತು’ ಅಂತಾನೆ. ಅಷ್ಟು ಸಾಕಲ್ಲ?”

ಒಳ್ಳೆಯ ಉತ್ತರ. ತುಂಬಾ ಒಳ್ಳೆಯ ಉತ್ತರ! ಅರ್ಧ ಅಂಕ ಕಳೆದೆ. ಅಭ್ಯಾಸ.

ಆಮೇಲೆ ಟೆಸ್ಟ್. ಬ್ರದರ್ ಪ್ರತಿ ಇಂಟರ್‌ವ್ಯೂಗೂ ತಾನೇ ಟೆಸ್ಟ್ ಕೊಡುತ್ತಿದ್ದ. ಲ್ಯಾಪ್‌ಟಾಪ್‌ನಲ್ಲಿ ಒಂದು ಕೆಟ್ಟ ಪ್ರೋಗ್ರಾಮ್ ಇರುತ್ತಿತ್ತು. ರಿಪೇರಿ ಮಾಡಬೇಕು. ಇವತ್ತಿನದು: ಸ್ಕ್ಯಾನರ್‌ನಿಂದ ಮೂರು ಔಷಧಿ ಬೇಗ ಬೇಗ ಓದಿಸಿದರೆ ಪ್ರೋಗ್ರಾಮ್ ಕಲ್ಲಾಗಿ ಕೂರುತ್ತದೆ. ಯಾಕೆ?

ಆಕೆ ಮೇಜಿನ ಕೆಳಗೆ ಶೂ ಕಳಚಿದರು. ಬೆರಳು ಕೀಬೋರ್ಡ್ ಮೇಲೆ ಇಳಿದವು. ಕೋಡ್ ಗೋಡೆಯ ಪರದೆಯ ಮೇಲೂ ಹರಿಯತೊಡಗಿತು. ನಾನು ಕಾಫಿ ಹೀರುತ್ತಾ, ಕೊಲೆಗಡುಕನ ಕಣ್ಣಿನಿಂದ ನೋಡುತ್ತಿದ್ದೆ.

ಆಗ ಕಂಡಿತು.

ಕೋಡಿನ ನಡುವೆ ಒಂದು ಟಿಪ್ಪಣಿ. ಕಂಪ್ಯೂಟರ್‌ಗಲ್ಲ, ಮುಂದೆ ಓದುವ ಮನುಷ್ಯರಿಗೆ ಬರೆದದ್ದು:

‘ಇದು ಯಾಕೆ ಕೆಲಸ ಮಾಡ್ತಿದೆ ಗೊತ್ತಿಲ್ಲ. ಅಮ್ಮನಾಣೆ ಮುಟ್ಟಬೇಡಿ.’

ಕಾಫಿ ಲೋಟ ಕೆಳಗಿಟ್ಟೆ!

ಆ ಸಾಲು ನನಗೆ ಗೊತ್ತು. ಹಿಂದಿನ ವಾರವಷ್ಟೇ ಇದೇ ಕುರ್ಚಿಯಲ್ಲಿ ಮೀಸೆ ಕೂತಿದ್ದ. ದಪ್ಪ ಮೀಸೆಯ ಮನುಷ್ಯ, ಪ್ರಿಂಟಿಂಗ್‌ನಲ್ಲಿ ಪಂಟ. ಅವನ ಟೆಸ್ಟ್: ಔಷಧಿಯ ಲೇಬಲ್ ಪ್ರಿಂಟ್ ಮಾಡಿದರೆ ಕೊನೆಯ ಸಾಲು ಕಾಗದದಿಂದ ಹೊರಗೆ ಹೋಗುತ್ತಿತ್ತು. ಜೇಬಿನಿಂದ ಸ್ಕೇಲ್ ತೆಗೆದು, ಮಿಲಿಮೀಟರ್ ಅಳೆದು ಸರಿಮಾಡಿದ್ದ. ಸರಿಮಾಡಿ ಆ ಟಿಪ್ಪಣಿ ಬರೆದಿದ್ದ. ಅದಕ್ಕೆ ನಾನೇ ಎರಡು ಅಂಕ ಕತ್ತರಿಸಿದ್ದೆ. ಅಶಿಸ್ತು!

ಮೀಸೆಯ ಟೆಸ್ಟ್ ಇವತ್ತಿನ ಟೆಸ್ಟಿನೊಳಗೆ ಏನು ಮಾಡುತ್ತಿದೆ?

“ಮೇಡಂ, ಈ ವಿಂಡೋ ಸಣ್ಣ ಮಾಡಿ ನೋಡೋಣ.”

ಮಾಡಿದರು. ಅಕ್ಷರಗಳು ಅಚ್ಚುಕಟ್ಟಾಗಿ ಒತ್ತಿಕೊಂಡು ಕೂತವು. ಮೊದಲು ಕತ್ತರಿಸಿ ಹೋಗುತ್ತಿದ್ದವು. ಕಂಪ್ಯೂಟರ್ ಜೊತೆ ಪಿಸುಗುಟ್ಟುತ್ತಾ ಅದನ್ನು ರಿಪೇರಿ ಮಾಡಿದವರೊಬ್ಬರಿದ್ದರು. ಅವರಿಗೂ ‘ತಿಳಿಸ್ತೀವಿ’ ಎಂದಿದ್ದೆ. ಸಂಜೆಯಾಗುತ್ತಾ ಪ್ರೋಗ್ರಾಮ್ ನಿಧಾನವಾಗುವ ರೋಗವನ್ನು ವಾಸಿ ಮಾಡಿದ ಅವಳಿಮಕ್ಕಳ ತಾಯಿಗೂ.

ಅಲ್ಲಿಯವರೆಗೆ ಬಂದ ಟೆಸ್ಟ್‌ಗಳೆಲ್ಲ ಒಂದೇ ಪ್ರೋಗ್ರಾಮಿನ ತುಂಡುಗಳು. ಈಗ ಹೊಲಿದು ಒಂದಾಗಿದ್ದವು!

ಗಾಜಿನ ಆಚೆ ನೋಡಿದೆ. ಸಾಲು ಸಾಲು ಮೇಜು, ಸಾಲು ಸಾಲು ಕಂಪ್ಯೂಟರ್. ಎರಡು ತಿಂಗಳಿಂದ ಅವುಗಳ ಪಕ್ಕದಲ್ಲೇ ಓಡಾಡಿದ್ದೆ. ಕೀಬೋರ್ಡ್‌ಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೇ ಯಾರೂ ತೆಗೆದಿರಲಿಲ್ಲ. ಅಲ್ಲಿ ಟೀಮೇ ಇರಲಿಲ್ಲ.

ಇಂಟರ್‌ವ್ಯೂಗೆ ಬಂದವರೇ ಟೀಮ್. ಮೇಸ್ತ್ರಿ... ನಾನು!

ಇಂಗು ತಿಂದ ಮಂಗ ಎಂದು ಕೇಳಿದ್ದೀರಲ್ಲ? ಆ ಮಂಗಕ್ಕೆ ಕನಿಷ್ಠ ಇಂಗಾದರೂ ಸಿಕ್ಕಿತ್ತು.

ಎದ್ದು ಬ್ರದರ್‌ನ ಕ್ಯಾಬಿನ್‌ಗೆ ನುಗ್ಗಿದೆ. ಅವನು ಲ್ಯಾಪ್‌ಟಾಪ್ ಕ್ಯಾಮೆರಾ ಮುಂದೆ ಟೈ ಸರಿಮಾಡಿಕೊಳ್ಳುತ್ತಾ ನಗು ಅಭ್ಯಾಸ ಮಾಡುತ್ತಿದ್ದ.

“ಬನ್ನಿ ಬ್ರದರ್! ಮುಗೀತಾ ಟೆಸ್ಟ್?”

“ಅದು ಟೆಸ್ಟ್ ಅಲ್ಲ. ನಿಮ್ಮ ಪ್ರಾಡಕ್ಟ್. ತುಂಡು ತುಂಡು ಮಾಡಿ, ಕೆಲಸ ಕೇಳ್ಕೊಂಡು ಬಂದವರ ಕೈಲಿ ಬಿಟ್ಟಿ ಚಾಕರಿ ಮಾಡಿಸ್ಕೊಂಡಿದ್ದೀರ.”

“ಅಬ್ಬಬ್ಬಾ, ಎಷ್ಟು ಬೇಗ ಕಂಡುಹಿಡಿದ್ರಿ! ಎರಡೇ ತಿಂಗಳು!”

ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

“ಲೀಡ್ ಪೋಸ್ಟ್ ಇದೆಯಾ ಇಲ್ವಾ?”

“ಇದೆಯಲ್ಲ, ವೆಬ್‌ಸೈಟ್‌ನಲ್ಲಿ!” ನಕ್ಕ. “ಬಿಟ್ಟಿ ಅನ್ಬೇಡಿ ಬ್ರದರ್. ಕಾಫಿ ಕೊಟ್ಟಿದ್ದೀವಿ. ಕ್ರೀಮ್ ಬಿಸ್ಕತ್ತು ಬೇರೆ.”

“ಪೊಲೀಸ್‌ಗೆ ಹೋಗ್ತೀನಿ.”

“ಹೋಗಿ. ಏನಂತೀರ? ‘ಇವರ್ಯಾರೂ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ನಾನೇ ಸೈನ್ ಹಾಕ್ದೆ’ ಅಂತೀರಾ?” ಮೇಜಿನ ಮೇಲೆ ಮುಂದೆ ಬಾಗಿದ. ದನಿ ಇಳಿಯಿತು. “ಒಬ್ಬರು ಪಾಸಾಗಿದ್ರೂ ನಾನು ಕೆಲಸ ಕೊಡಬೇಕಾಗಿತ್ತು. ಅದಕ್ಕೇ ನಿಮ್ಮನ್ನ ಕರೆಸಿದ್ದು. ಯಾರನ್ನೂ ಪಾಸ್ ಮಾಡದ ಗಿರಾಕಿ ಬೇಕು ಅಂತ ಊರೆಲ್ಲಾ ಕೇಳಿದೆ. ಎಲ್ಲರೂ ಒಂದೇ ಹೆಸರು ಹೇಳಿದ್ರು.”

ನನ್ನ ಬ್ರಾಂಡ್!

“ಊಟ ಆದ್ಮೇಲೆ ಅಂಗಡಿಯಮ್ಮ ಬರ್ತಾರೆ. ನೂರಾರು ಔಷಧಿ ಅಂಗಡಿ ಅವರದ್ದು. ಡೆಮೊ ಇದೆ. ಈ ಒಂದು ಫ್ರೀಜ್ ಹೋದ್ರೆ ನಾವು ಗೆದ್ವಿ. ಡೆಮೊದಲ್ಲಿ ನೀವು ನಮ್ಮ ಚೀಫ್ ಆರ್ಕಿಟೆಕ್ಟ್. ಕೋಟ್ ಹಾಕ್ಕೊಂಡು ಸುಮ್ನೆ ತಲೆ ಆಡಿಸಿ.” ಬಾಗಿಲ ಕಡೆ ಕೂಗಿದ. “ಗೂಳಿ! ಇವರನ್ನ ಕರ್ಕೊಂಡೋಗಿ ಕೂರ್ಸು. ಆ ಹೆಂಗಸು ಕೆಲಸ ಮುಗಿಸೋವರೆಗೂ ಇಬ್ಬರೂ ಹೊರಗೆ ಬರಬಾರ್ದು.”

ಗೂಳಿ ನನ್ನ ತೋಳು ಹಿಡಿದ. ತೋಳು ಎಲ್ಲಿದೆ ಎಂದು ಆಮೇಲೆ ನಾನೇ ಹುಡುಕಿಕೊಳ್ಳಬೇಕಾಯಿತು.

ಕೋಣೆಗೆ ಮರಳಿದೆ. ಬಾಗಿಲ ಹೊರಗೆ ಗೂಳಿಯ ಬೆನ್ನು.

ಆಕೆಗೆ ಎಲ್ಲ ಹೇಳಿದೆ. ಕಲ್ಲು ಮುಖ ಎಲ್ಲಿ ಹೋಯಿತೋ ತಿಳಿಯದು. ತೊದಲಿದೆ.

ಆಕೆ ಪರದೆಯನ್ನೇ ನೋಡುತ್ತಿದ್ದರು. “ಹಾಗಾದ್ರೆ... ಕೆಲಸ ಇಲ್ಲ.”

“ಇಲ್ಲ.”

“ಮೂರು ಬಸ್ಸು ಹತ್ತಿ, ಮಗಳ ಶೂ ಹಾಕ್ಕೊಂಡು, ಫೇಲ್ ಆಗೋಕೆ ಬಂದೆ.”

“ಹೌದು... ಅಕ್ಕಾ.”

‘ಮೇಡಂ’ ಹೋಗಿ ‘ಅಕ್ಕ’ ಯಾವಾಗ ಬಂತೋ! ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದು ಆಸೆಪಟ್ಟೆ.

ಬೈಯಲಿಲ್ಲ. ಬಿಸ್ಕತ್ತಿನ ಪುಡಿ ಕೊಡವಿಕೊಂಡರು.

“ಡೆಮೊ ಎಲ್ಲಿ ತೋರಿಸ್ತಾರೆ?”

“ಕಾನ್ಫರೆನ್ಸ್ ರೂಮಲ್ಲಿ. ದೊಡ್ಡ ಪರದೆ ಮೇಲೆ.”

“ಎರಡನೇ ಪರದೆ. ಸರಿ.” ಬೆರಳು ಮಡಚಿ ಬಿಡಿಸಿದರು. “ಡೆಸ್ಕ್‌ಟಾಪ್ ಪ್ರೋಗ್ರಾಮಿಗೆ ಒಂದು ಸುಖ ಇದೆ. ಎಷ್ಟು ಪರದೆ ಜೋಡಿಸಿದ್ದಾರೆ ಅಂತ ಅದು ಎಣಿಸ್ಕೊಳ್ಳುತ್ತೆ. ಇಲ್ಲಿರೋ ಪರದೆ ತಂತಿ ಕಿತ್ತಾಕಿ. ಅವನ ಕ್ಯಾಬಿನ್‌ನಲ್ಲಿ ನೋಡ್ದಾಗ ಏನೂ ಆಗಬಾರ್ದು. ದೊಡ್ಡ ಪರದೆ ಸಿಕ್ಕಿ, ಲೇಬಲ್ ಪ್ರಿಂಟ್ ಆದ್ಮೇಲೆ ಮಾತ್ರ ಏಳಬೇಕು.”

“ಏನು ಏಳಬೇಕು?”

“ಒಂದು ಕಿಟಕಿ. ಅದು ಎದ್ರೆ ಉತ್ತರ ಕೊಡೋವರೆಗೂ ಹಿಂದಿನದು ಏನೂ ಅಲ್ಲಾಡಬಾರ್ದು.” ನನ್ನತ್ತ ತಿರುಗಿದರು. “ಆದ್ರೆ ಆ ಕಿಟಕೀಲಿ ನಾನು ಬರೆಯೋ ಮಾತು ನಿಜ ಆಗ್ಬೇಕು ಅಂದ್ರೆ ನೀವು ಫೇಲ್ ಮಾಡಿದವರೆಲ್ಲ ಊಟದ ಹೊತ್ತಿಗೆ ಕೆಳಗೆ ರಿಸೆಪ್ಷನ್‌ನಲ್ಲಿ ಇರಬೇಕು. ಕರೀರಿ.”

“ಫೋನ್ ಕೆಳಗಿದೆ.”

“ಯಾಕೆ?”

“ಅದು... ಒಂದು ನಿಯಮ.”

“ಯಾವ ದಡ್ಡ ಮಾಡಿದ್ದು?”

ಹೊಟ್ಟೆ ಹಿಡಿದುಕೊಂಡು ಬಾಗಿಲು ತೆಗೆದೆ.

“ಗೂಳಿ... ಟಾಯ್ಲೆಟ್!”

ಟಾಯ್ಲೆಟ್ ಪಕ್ಕದಲ್ಲೇ ಫೈರ್ ಎಕ್ಸಿಟ್.

ಓಡಿದೆ! ಈಗ ಗೊತ್ತಾಯಿತಲ್ಲ ಯಾಕೆ ಓಡುತ್ತಿದ್ದೆ ಎಂದು?

ಕೆಳಗೆ ಬಂದು ರಿಸೆಪ್ಷನ್ ಟ್ರೇಯಿಂದ ಫೋನ್ ಕಿತ್ತುಕೊಂಡೆ. ರಿಸೆಪ್ಷನಿಸ್ಟ್ ನನ್ನ ಎದೆಯ ಕೆಂಪು ನೋಡಿ ಕಿರುಚಿದಳು. ನೆಲಮಾಳಿಗೆಯ ಪಾರ್ಕಿಂಗ್‌ಗೆ ಉರುಳಿದೆ... ಹೌದು, ಕೊನೆಯ ನಾಲ್ಕು ಮೆಟ್ಟಿಲು ನಿಜವಾಗಿಯೂ ಉರುಳಿದೆ. ಒಂದು ಕಾರಿನ ಹಿಂದೆ ಮುದುಡಿ ಕೂತೆ. ಉಸಿರು ಬಿಗಿ ಹಿಡಿದೆ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಗೂಳಿಯ ಬೂಟಿನ ಸದ್ದು ಹತ್ತಿರವಾಯಿತು... ದೂರವಾಯಿತು...

ಬದುಕಿದೆ!

ಫೋನ್ ಹೊಡೆದುಕೊಂಡಿತು. ಹೆಂಡತಿ!

“ರೀ, ಎಲ್ಲಿದ್ದೀರ?”

“ಕಾರಿನ ಹಿಂದೆ ಬಚ್ಚಿಟ್ಕೊಂಡಿದ್ದೀನಿ,” ಪಿಸುಗುಟ್ಟಿದೆ.

“ಯಾರ ಕಾರು?”

“ಗೊತ್ತಿಲ್ಲ! ಜೀವ ಹೋಗೋ ಹೊತ್ತು ಕಣೇ!”

“ಆಯ್ತು, ಬರ್ತಾ ಬಟ್ಟೆ ಸೋಪು ತನ್ನಿ.”

ಬೂಟಿನ ಸದ್ದು ನಿಂತಿತು. ತಿರುಗಿತು. ಬೇಗ ಬೇಗ ಮೀಸೆಯ ನಂಬರ್ ಒತ್ತಿದೆ. ಬೆರಳು ತಪ್ಪಿ ಸ್ಪೀಕರ್ ಅನ್ನೂ ಒತ್ತಿತು.

“ನಾನು... ಕತ್ತರಿ.”

ಅತ್ತ ಸಿಡಿಲು. “ನೀನಾ! ಏನೋ ಬೇಕು ನಿಂಗೆ? ಉಳಿದಿರೋ ಮಾನ ಕತ್ತರಿಸೋಕೆ ಫೋನ್ ಮಾಡಿದ್ಯಾ? ನಿನ್ನ ಹೆಸರಲ್ಲೊಂದು ಗ್ರೂಪೇ ಮಾಡ್ಕೊಂಡಿದ್ದೀವಿ ಕಣೋ, ‘ಕತ್ತರಿ ಸಂತ್ರಸ್ತರು’ ಅಂತ!”

“ಗ್ರೂಪ್ ಇದೆಯಾ? ದೇವರು ದೊಡ್ಡವನು! ಎಲ್ಲರನ್ನೂ ಕರ್ಕೊಂಡು ಬಾ. ಕೇಳಿಲ್ಲಿ...”

ಹೇಳಿದೆ. ಒಂದೇ ಉಸಿರಿಗೆ. ಟೆಸ್ಟ್ ಅಲ್ಲ, ಪ್ರಾಡಕ್ಟ್. ಕೆಲಸ ಇರಲೇ ಇಲ್ಲ. ಇವತ್ತು ಮಾರುತ್ತಾನೆ.

“ಅಂದ್ರೆ...” ಮೀಸೆಯ ದನಿ ಒಡೆಯಿತು. “ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ್ರಲ್ಲೋ! ನಾನು ಫೇಲ್ ಆದೆ ಅಂತ ಒಂದು ವಾರ ಮನೇಲಿ ಯಾರ ಮುಖಾನೂ ನೋಡಿಲ್ಲ ಕಣೋ. ಬಿಟ್ಟಿ ದುಡಿಸ್ಕೊಂಡು, ಮೇಲೆ ದಡ್ಡ ಅಂತ ಸರ್ಟಿಫಿಕೇಟ್ ಕೊಟ್ರಲ್ಲೋ...”

ನನ್ನ ಕಾಲರ್ ಮೇಲೆ ಒಂದು ಕೈ ಬಿತ್ತು. ನೆಲ ಕಾಲಿನಿಂದ ದೂರವಾಯಿತು. ಗೂಳಿ!

ಮುಗಿಯಿತು ಎಂದುಕೊಂಡೆ. ಹೊಡೆತಕ್ಕೆ ಕಣ್ಣು ಮುಚ್ಚಿದೆ. ಬರಲಿಲ್ಲ. ಒಂದು ಕಣ್ಣು ತೆಗೆದೆ.

ಗೂಳಿ ಫೋನನ್ನೇ ನೋಡುತ್ತಿದ್ದ. “ಸರ್... ಆ ಯಪ್ಪ ಏನಂತಾ ಇದ್ದಾರೆ? ಕೆಲಸ ಮಾಡಿಸ್ಕೊಂಡು ಫೇಲ್ ಅಂದ್ರಾ?”

“ಹೌದಪ್ಪ. ಮೊದಲು ಕೆಳಗಿಳ್ಸು.”

ಇಳಿಸಲಿಲ್ಲ. ಯೋಚಿಸುತ್ತಿದ್ದ. ಅವನಿಗೆ ನನ್ನನ್ನು ಎತ್ತಿ ಹಿಡಿದಿರುವುದೇ ಮರೆತಂತಿತ್ತು.

“ನಂದೂ ಟ್ರಯಲ್ಲೇ ಸರ್.”

“ಏನು?”

“ಬಂದಾಗಿಂದ ಟ್ರಯಲ್ಲೇ. ‘ನೀನು ಹೇಗೆ ನಿಂತ್ಕೋತೀಯ ನೋಡ್ಬೇಕು ಬ್ರದರ್, ಸೆಲೆಕ್ಟ್ ಆದ್ರೆ ಸಂಬಳ’ ಅಂದ್ರು. ದಿನಾ ನಿಂತ್ಕೊಂಡಿದ್ದೀನಿ. ಇನ್ನೂ ಎಷ್ಟು ಚೆನ್ನಾಗಿ ನಿಂತ್ಕೋಬೇಕು ಸರ್?”

ಜನರನ್ನು ಅಳೆಯುವುದೇ ನನ್ನ ಕಸುಬು. ಅವತ್ತು ಮೊದಲ ಸಲ ಅದು ನಾಚಿಕೆ ಎನಿಸಿತು.

ಸ್ಪೀಕರ್‌ನಿಂದ ಮೀಸೆ ಗುಡುಗಿದ: “ಯಾರಪ್ಪ ಅದು? ನಿನ್ನನ್ನೂ ಗ್ರೂಪಿಗೆ ಸೇರಿಸ್ತೀನಿ. ನಂಬರ್ ಹೇಳು!”

ಗೂಳಿ ನನ್ನನ್ನು ಮೆಲ್ಲಗೆ ಇಳಿಸಿದ. ಕಾಲರ್ ಸರಿಮಾಡಿದ. “ಕ್ಯಾಮೆರಾ ಇದೆ ಸರ್. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ನೀವು ಓಡಿ. ನಾನು ನಿಧಾನಕ್ಕೆ ಅಟ್ಟಿಸ್ಕೊಂಡು ಬರ್ತೀನಿ.”

ಓಡಿದೆ. ನೆಲಮಾಳಿಗೆಯಿಂದ ಮೂರನೇ ಮಹಡಿಗೆ, ಬ್ರದರ್‌ಗೆ ಅನುಮಾನ ಬರುವ ಮೊದಲು! ಜಗತ್ತಿನ ಅತ್ಯಂತ ನಿಧಾನದ ಚೇಸ್ ಅದು. ಒಂದು ತಿರುವಿನಲ್ಲಿ ಅವನೇ ನನ್ನ ಬೆನ್ನಿಗೆ ಕೈ ಕೊಟ್ಟು ತಳ್ಳಿದ. ಇನ್ನೊಂದು ತಿರುವಿನಲ್ಲಿ ಕೂತು ನೀರು ಕುಡಿದೆವು.

ಮೇಲೆ ಬ್ರದರ್ ಕಾದಿದ್ದ. “ಎಲ್ಲಿ ಹೋಗಿದ್ದ ಈ ಮನುಷ್ಯ?”

“ಹೊಟ್ಟೆ ಕೆಟ್ಟಿದೆ ಸರ್,” ಎಂದ ಗೂಳಿ. “ತುಂಬಾನೇ ಕೆಟ್ಟಿದೆ.”

ನನ್ನ ಬೆವರು, ಬಿಳಿಚಿದ ಮುಖ ನೋಡಿ ಬ್ರದರ್ ನಂಬಿದ. ಜೀವನದಲ್ಲಿ ಮೊದಲ ಸಲ ನನ್ನ ಫಿಟ್‌ನೆಸ್ ಉಪಯೋಗಕ್ಕೆ ಬಂತು.

ಅಕ್ಕ ಲ್ಯಾಪ್‌ಟಾಪ್ ಮುಂದೆ ಕೈಕಟ್ಟಿ ಕೂತಿದ್ದರು. “ಆಯ್ತು ಸರ್. ಫ್ರೀಜ್ ಆಗಲ್ಲ.”

ಬ್ರದರ್ ಲ್ಯಾಪ್‌ಟಾಪ್ ಎತ್ತಿಕೊಂಡು ಕ್ಯಾಬಿನ್‌ಗೆ ಹೋಗಿ ಮೂರು ಔಷಧಿ ಸ್ಕ್ಯಾನ್ ಮಾಡಿದ. ಟಿಕ್, ಟಿಕ್, ಟಿಕ್! ಅದ್ಭುತ! ಕುಣಿಯುವುದೊಂದು ಬಾಕಿ.

ನನಗೆ ಕಣ್ಣು ಹೊಡೆದ. ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ಎಲ್ಲರಿಗೂ ಹೇಳಿದ್ದೆ.

“ತಿಳಿಸ್ತೀವಿ... ಅಕ್ಕ.”

ಅಕ್ಕ ಶೂ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಕೆಳಗಿಳಿದರು.

ಕಾನ್ಫರೆನ್ಸ್ ರೂಮ್. ಗೋಡೆಯಷ್ಟು ದೊಡ್ಡ ಪರದೆ. ಅಂಗಡಿಯಮ್ಮ ಬಂದು ಕೂತರು. ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಮಾತ್ರೆಯ ಪಟ್ಟಿಗಳನ್ನು ಹೆಬ್ಬೆರಳಿನಿಂದ ಎಣಿಸಿ ಎಣಿಸಿ ಸವೆದ ಕೈ.

“ನಂಗೆ ಬಣ್ಣ ಗಿಣ್ಣ ಬೇಡ,” ಎಂದರು. “ಕೌಂಟರ್ ಮುಂದೆ ಜನ ಕೆಮ್ಕೊಂಡು, ಮಗು ಎತ್ಕೊಂಡು ನಿಂತಿರ್ತಾರೆ. ಕಂಪ್ಯೂಟರ್ ನಿಂತೋಗಬಾರ್ದು. ಅಷ್ಟೇ.”

“ನಿಲ್ಲೋದೇ ಇಲ್ಲಮ್ಮ! ಇವರು ನಮ್ಮ ಚೀಫ್ ಆರ್ಕಿಟೆಕ್ಟ್.”

ತಲೆ ಆಡಿಸಿದೆ. ಕೋಟು ಬ್ರದರ್‌ದು. ಹೊಟ್ಟೆಯ ಬಳಿ ಗುಂಡಿ ಪ್ರಾಣಭಿಕ್ಷೆ ಕೇಳುತ್ತಿತ್ತು.

ಬ್ರದರ್ ತಂತಿ ಜೋಡಿಸಿದ. ಪ್ರೋಗ್ರಾಮ್ ದೊಡ್ಡ ಪರದೆಯ ಮೇಲೆ ಅರಳಿತು. ಸ್ಕ್ಯಾನ್. ಸ್ಕ್ಯಾನ್. ಸ್ಕ್ಯಾನ್! ಲೇಬಲ್ ಪ್ರಿಂಟ್ ಆಗಿ ಬಂತು. ಮೀಸೆ ಅಳೆದ ಮಿಲಿಮೀಟರ್, ಕೂದಲೆಳೆ ಆಚೀಚೆ ಇಲ್ಲ. ಅಂಗಡಿಯಮ್ಮ ಕನ್ನಡಕ ಏರಿಸಿ ನೋಡಿ, “ಪರವಾಗಿಲ್ವೇ!” ಎಂದರು.

ಆಗ ಪರದೆಯ ನಡುವೆ ಒಂದು ಸಣ್ಣ ಕಿಟಕಿ ಎದ್ದಿತು.

‘ಈ ಪ್ರೋಗ್ರಾಮ್ ಬರೆದವರು ಸಂಬಳವಿಲ್ಲದೆ ಕೆಳಗೆ ರಿಸೆಪ್ಷನ್‌ನಲ್ಲಿ ಕೂತಿದ್ದಾರೆ. ಒಳಗೆ ಕರೆಯಲೇ?’

ಕೆಳಗೆ ಎರಡು ಬಟನ್.

‘ಹೌದು’. ‘ಹೌದು’.

ಬ್ರದರ್‌ನ ಕೈ ಮೌಸ್‌ಗೆ ಹಾರಿತು. ಮುಚ್ಚುವ ಗುರುತಿನ ಮೇಲೆ ಕುಟ್ಟಿದ. ಅದು ಬೂದಿಬಣ್ಣ, ನಿರ್ಜೀವ! ‘ಹೌದು’ ಒತ್ತಿದ. ಕಿಟಕಿ ಹೋಗಿ ಮತ್ತೆ ಬಂತು. ಇನ್ನೊಂದು ‘ಹೌದು’ ಒತ್ತಿದ. ಮತ್ತೆ ಬಂತು. ಕಂಪ್ಯೂಟರ್ ಆರಿಸಿ ಹೊತ್ತಿಸಿದ. ಔಷಧಿಗಿಂತ ಮೊದಲು ಕಿಟಕಿಯೇ ಬಂತು. ತಂತಿ ಕಿತ್ತ. ಕಿಟಕಿ ಲ್ಯಾಪ್‌ಟಾಪ್‌ಗೆ ಹಾರಿ ಕೂತಿತು.

“ವೈರಸ್ಸಮ್ಮ... ಸಣ್ಣ ವೈರಸ್ಸು...”

“ಇದೇನ್ರೀ?” ಅಂಗಡಿಯಮ್ಮ ನನ್ನನ್ನು ಕೇಳಿದರು. “ನೀವು ಚೀಫಲ್ವಾ? ಹೇಳಿ.”

ಬ್ರದರ್‌ನ ಕಣ್ಣು ನನ್ನನ್ನು ಕೊಲ್ಲುತ್ತಿತ್ತು. ನಾನು ಎದ್ದು ನಿಂತೆ. ಗುಂಡಿ ಕಿತ್ತು ಹೋಗಿ ಅವನ ಹಣೆಗೆ ಬಡಿಯಿತು. ದೇವರಾಣೆಗೂ, ಅದು ಉದ್ದೇಶಪೂರ್ವಕ ಅಲ್ಲ!

“ಇದೊಂದೇ ನಿಜ ಅಮ್ಮ,” ಎಂದೆ. “ಮಿಕ್ಕಿದ್ದೆಲ್ಲ ಡೆಮೊ.”

ಎಲ್ಲ ಹೇಳಿದೆ. ನನ್ನ ಪಾಲನ್ನೂ ಸೇರಿಸಿ.

ಅಂಗಡಿಯಮ್ಮ ಕನ್ನಡಕ ಇಳಿಸಿದರು. “ಕರೀರಿ.”

“ಅಮ್ಮಾ, ಅವರೆಲ್ಲ ಫೇಲ್ ಆದವರು...”

“ನಾನು ಕೊಳ್ಳೋಕೆ ಬಂದಿದ್ದು ಫೇಲ್ ಆದವರು ಮಾಡಿದ್ದನ್ನೇ ತಾನೇ? ಕರೀರಿ!”

“ಗೂಳಿ! ಯಾರನ್ನೂ ಬಿಡಬೇಡ!” ಬ್ರದರ್ ಅರಚಿದ.

ಗೂಳಿ ಬಾಗಿಲಿಗೆ ಅಡ್ಡ ನಿಂತ. ಚೆನ್ನಾಗಿ ನಿಂತ. ಆಮೇಲೆ ಅಷ್ಟೇ ಚೆನ್ನಾಗಿ ಪಕ್ಕಕ್ಕೆ ಸರಿದ. “ನಾನು ಸೆಲೆಕ್ಟ್ ಆಗಿಲ್ಲ ಸರ್,” ಎಂದು ಬಾಗಿಲು ತೆಗೆದು ಹಿಡಿದ.

ಬಂದರು. ಮೀಸೆ, ಜೇಬಿನಲ್ಲಿ ಸ್ಕೇಲು. ಪಿಸುಗುಟ್ಟುವವರು. ಅವಳಿಮಕ್ಕಳ ತಾಯಿ, ಇಬ್ಬರೂ ಮಕ್ಕಳ ಜೊತೆ. ಕೊನೆಗೆ ಬರಿಗಾಲಲ್ಲಿ ಅಕ್ಕ. ಇಸ್ತ್ರಿ ಮಾಡಿದ ಅಂಗಿಗಳು, ಸವೆದ ಬ್ಯಾಗುಗಳು. ಇಷ್ಟು ಜನರನ್ನು ಒಬ್ಬೊಬ್ಬರಾಗಿ ಕತ್ತರಿಸುವಾಗ ನನಗೆ ಭಯವಾಗಿರಲಿಲ್ಲ. ಒಟ್ಟಿಗೆ ನಿಂತಾಗ ನೋಡಿ... ಕುರ್ಚಿಯ ಹಿಂದೆ ಸರಿದೆ!

“ಈ ಕಿಟಕಿ ಹೋಗೋದು ಹೇಗಮ್ಮ?” ಅಂಗಡಿಯಮ್ಮ ಕೇಳಿದರು.

“ಬರೆದವರನ್ನ ಕೆಲಸಕ್ಕೆ ಇಟ್ಕೊಂಡ್ರೆ ಹೋಗುತ್ತೆ,” ಎಂದರು ಅಕ್ಕ. “ಇಲ್ದಿದ್ರೆ ಇವರೇ ಬರೆದು ತೆಗೀಲಿ. ಎರಡು ‘ಹೌದು’ ಇದೆ. ‘ಇಲ್ಲ’ ಅನ್ನೋದನ್ನ ನಾವು ಜನ್ಮಕ್ಕಾಗೋಷ್ಟು ಕೇಳಿದ್ದೀವಿ. ಅದನ್ನ ಹಾಕಿಲ್ಲ.”

ಬ್ರದರ್ ಎಲ್ಲರ ಮುಖ ನೋಡಿದ. ಯಾರನ್ನೂ ‘ಬ್ರದರ್’ ಎನ್ನಲಾಗಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ. ಅಂಗಡಿಯಮ್ಮ ಅವನಿಂದ ಏನನ್ನೂ ಕೊಳ್ಳಲಿಲ್ಲ. ತಮ್ಮ ಗೋಡೌನಿನ ಮೇಲಿನ ಮಹಡಿ ಖಾಲಿ ಮಾಡಿಸಿ ಬರೆದವರನ್ನೇ ಕೂರಿಸಿದರು. ನಾವಿಬ್ಬರೂ ಈಗ ಕೂತಿರುವ ಸೋಫಾ ಅಲ್ಲಿಯದೇ. ಮೂಗಿಗೆ ಬಡಿಯುತ್ತಿರುವ ವಾಸನೆ ಕೆಮ್ಮಿನ ಸಿರಪ್. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾನಲ್ಲ, ಅವನೇ ಗೂಳಿ. ಸಂಬಳ ಬಂದ ಮೇಲೆ ನಿಲ್ಲುವುದನ್ನು ಬಿಟ್ಟಿದ್ದಾನೆ. ಅಕ್ಕನ ಮಗಳಿಗೆ ಕೆಲಸ ಇನ್ನೂ ಆಗಿಲ್ಲ. ಅಕ್ಕ ಅವಳಿಗೆ ಹೊಸ ಶೂ ಕೊಡಿಸಿದ್ದಾರೆ.

ನಿಮ್ಮ ಇಂಟರ್‌ವ್ಯೂಗೆ ಹೆದರಬೇಡಿ. ಇಲ್ಲಿ ಟೆಸ್ಟ್‌ಗೆ ಕೂತರೆ ಆ ದಿನದ ಕೂಲಿ ಕೊಡುತ್ತಾರೆ, ಫೇಲ್ ಆದವರಿಗೂ. ನನಗೂ ಕೊಟ್ಟರು.

ಹೌದು, ನಾನೂ ಕೊಟ್ಟೆ ಇಂಟರ್‌ವ್ಯೂ. ಆ ದಿನದ ನಂತರ ಕತ್ತರಿಯನ್ನು ಯಾರು ಕರೆಯುತ್ತಾರೆ? ಅಕ್ಕನೇ ಎದುರು ಕೂತು ಕೇಳಿದರು:

“ಪ್ರೋಗ್ರಾಮ್ ಫ್ರೀಜ್ ಆಗಿದೆ. ಯೂಸರ್ ಬೈತಾ ಇದ್ದಾನೆ. ಮೊದಲು ಏನ್ ಮಾಡ್ತೀರಿ?”

ನನ್ನದೇ ಪ್ರಶ್ನೆ! ತಲೆ ಖಾಲಿ. ಬಾಯಿಂದ ಸತ್ಯ ಬಂದುಬಿಟ್ಟಿತು.

“ಓಡ್ತೀನಿ.”

ಮೀಸೆ ಬಿದ್ದು ಬಿದ್ದು ನಕ್ಕ. ಅಕ್ಕ ನಗಲಿಲ್ಲ. ಮಾರ್ಕರ್ ಮುಚ್ಚಳ ‘ಟಪ್’ ಎಂದು ಹಾಕಿದರು. ನನಗಿಂತ ಚೆನ್ನಾಗಿ. ಕನ್ನಡಿಯ ಅಭ್ಯಾಸವೂ ಇಲ್ಲದೆ!

“ತಿಳಿಸ್ತೀವಿ.”

ಆ ಮಾತಿನ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ವಾರಕ್ಕೊಮ್ಮೆ ಬಂದು ಇಲ್ಲಿ ಕೂರುತ್ತೇನೆ. ಏಳಿ ಏಳಿ, ನಿಮ್ಮನ್ನು ಕರೆಯುತ್ತಿದ್ದಾರೆ. ಬಿಸ್ಕತ್ತು ಕೊಟ್ಟರೆ ತಿನ್ನಿ, ಅದು ಕೂಲಿಯಲ್ಲಿ ಮುರಿಯುವುದಿಲ್ಲ.

ನಾನಾ? ನಾನು ಆರಾಮ. ಫೋನನ್ನು ಸ್ನಾನಕ್ಕೂ ಒಯ್ಯುತ್ತಿದ್ದೇನೆ, ಅಷ್ಟೇ.